ಕಂಡಕ್ಟರ್ ಕೂಗಿನ ಹುಡುಗ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಆಟಿಸಂ ಇದೆ. ದಿನವಿಡೀ 'ಹಗರೆ, ಬೇಲೂರು, ಚಿಕ್ಕಮಗಳೂರು' ಅಂತ ಬಸ್ ಕಂಡಕ್ಟರ್ ಥರ ಕೂಗುತ್ತಾನೆ. ಬೇಸಿಗೆ ಶಿಬಿರದ ನಾಟಕದಲ್ಲಿ ಅವನನ್ನು ಮರ ಮಾಡಿ ನಿಲ್ಲಿಸಿದರು. ಇಂಥ ಮಕ್ಕಳಿಗೆ ರಂಗದ ಮೇಲೆ ಬೇರೆ ಜಾಗ ಇಲ್ವಾ ಸರ್?
– ಒಬ್ಬ ತಾಯಿ, ಹಾಸನ

ಉತ್ತರ: ಮರದ ಪಾತ್ರ ನಾನೂ ಮಾಡಿದ್ದೇನಮ್ಮ. ಕಾಲು ನೋಯುತ್ತೆ, ಅಷ್ಟೇ.

1970ರ ದಶಕದ ಆರಂಭದಲ್ಲಿ ಅಮೆರಿಕದ ರಂಗ ನಿರ್ದೇಶಕ ರಾಬರ್ಟ್ ವಿಲ್ಸನ್ ಕೈಗೆ ಒಂದು ಟೇಪ್ ಬಂತು. ಕ್ರಿಸ್ಟೋಫರ್ ನೋಲ್ಸ್ ಎಂಬ ಹುಡುಗ ಒಂದೇ ಮಾತನ್ನು ಹೊರಳಿಸಿ ಹೊರಳಿಸಿ ಹೇಳಿದ್ದ. ಅವನಿಗೂ ಆಟಿಸಂ. ವಿಲ್ಸನ್ ಅವನನ್ನು ತಿದ್ದಲು ಹೋಗಲಿಲ್ಲ, ವೇದಿಕೆಗೆ ಕರೆದರು. (ಚಿಕ್ಕಂದಿನಲ್ಲಿ ವಿಲ್ಸನ್‌ಗೂ ಉಗ್ಗು ಇತ್ತು.) 1976ರಲ್ಲಿ ಫ್ರಾನ್ಸಿನ ಆವಿನ್ಯೋನ್‌ನಲ್ಲಿ ವಿಲ್ಸನ್ ಅವರ 'ಐನ್‌ಸ್ಟೈನ್ ಆನ್ ದ ಬೀಚ್' ಅಪೆರಾ, ಅಂದರೆ ಹಾಡು-ಸಂಗೀತದ ನಾಟಕ, ಆಯಿತು. ಅದರ ಮಾತುಗಳಲ್ಲಿ ಜಾಸ್ತಿ ಪಾಲು ನೋಲ್ಸ್‌ದು. ಆಗ ಅವನಿಗೆ ಬರೀ 17.

ಸುಮಾರು ಐದು ಗಂಟೆಯ ಆಟ. ಕಥೆ ಇಲ್ಲ, ಮಧ್ಯಂತರ ಇಲ್ಲ. ಬೇಕಾದಾಗ ಎದ್ದು ಹೋಗಿ ಬರಬಹುದು, ನಮ್ಮ ಬಯಲಾಟದ ಹಾಗೇ ಅಲ್ವಾ? ಅದಕ್ಕೆ ಫಿಲಿಪ್ ಗ್ಲಾಸ್ ಎಂಬ ಸಂಯೋಜಕ ಕೊಟ್ಟ ಸಂಗೀತದಲ್ಲೂ ಪುಟ್ಟ ಸ್ವರದ ತುಣುಕು ಮತ್ತೆ ಮತ್ತೆ ಬರುತ್ತೆ. ಎಷ್ಟೋ ಕಡೆ ಹಾಡುವವರು ಸುಮ್ನೆ ಅಂಕಿ ಎಣಿಸುತ್ತಾರೆ. ಅದರ ಪಕ್ಕ ನೋಲ್ಸ್ ಮಾತು ಚೆನ್ನಾಗಿ ಕೂತಿತು.

ನಿಮ್ಮ ಮಗನ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಗರೆಯಲ್ಲಿ ನಿಲ್ಲುತ್ತಾನಾ, ಬೇಲೂರನ್ನು ಎಳೆಯುತ್ತಾನಾ, ಕಿವಿಗೊಟ್ಟು ಕೇಳಿ. ತಮಟೆ ಬಾರಿಸುವ ಒಬ್ಬ ಗೆಳೆಯ ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು. ಆಮೇಲೆ ಅವನನ್ನು ಮರ ಮಾಡಿದವರಿಗೆ ಒಮ್ಮೆ ಕೇಳಿಸಿ.