ಬಾಗಿದ ಅಂಚಿಗೆ ಟೇಪ್ ಕೂರೋದೇ ಇಲ್ಲ, ಏನು ಮಾಡಲಿ? ಮಾಡೆಲ್ ವಿಮಾನದ ಬಣ್ಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 1/72 ಅಳತೆಯ (ಅಸಲಿಗಿಂತ 72 ಪಟ್ಟು ಚಿಕ್ಕ) ಸ್ಪಿಟ್‌ಫೈರ್, ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ, ಕಟ್ಟುತ್ತಿದ್ದೇನೆ. ರೆಕ್ಕೆಯ ಮೇಲೆ ಕಂದು ಬಣ್ಣ ಹೊಡೆದು, ಹಸಿರಿಗಾಗಿ ಟೇಪ್ ಅಂಟಿಸಿದೆ. ತಿರುವಿನಲ್ಲೆಲ್ಲ ಟೇಪ್ ಸುಕ್ಕಾಯಿತು, ಸುಕ್ಕಿನ ಕೆಳಗೆ ಹಸಿರು ನುಗ್ಗಿತು. ಟೇಪ್ ಕಿತ್ತ ಮೇಲೆ ಅಂಚಿನಲ್ಲಿ ದಿಬ್ಬ ಬೇರೆ. (ವಿಜಯಪುರದ ಓದುಗರು)

ಉತ್ತರ: ಅಗಲ ಟೇಪನ್ನು ಬಾಗಿಸಲು ಹೋಗಿದ್ದೀರಿ, ತೊಂದರೆ ಅಲ್ಲಿಂದಲೇ ಶುರು. ತಿರುವಿನಲ್ಲಿ ಟೇಪಿನ ಹೊರ ಅಂಚು ಜಾಸ್ತಿ ದೂರ ಹೋಗಬೇಕು, ಒಳ ಅಂಚು ಕಡಿಮೆ. ಕಾಗದ ಅಷ್ಟು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ, ಸುಕ್ಕಾಗುತ್ತದೆ ಅಷ್ಟೆ. ಪಟ್ಟಿ ಸಣ್ಣದಾದಷ್ಟೂ ಈ ಎರಡು ಅಂಚುಗಳ ವ್ಯತ್ಯಾಸ ಕಡಿಮೆಯಾಗುತ್ತದೆ. 10 ಮಿ.ಮೀ. ಟೇಪ್ ಕೇಳದ ತಿರುವನ್ನು 1 ಮಿ.ಮೀ. ಪಟ್ಟಿ ಸಲೀಸಾಗಿ ಕೇಳುತ್ತದೆ.

ಟಮಿಯಾ ಟೇಪನ್ನು (ಮಾಡೆಲ್ ಕೆಲಸಕ್ಕೆಂದೇ ಬರುವ ಕಾಗದದ ಮಾಸ್ಕಿಂಗ್ ಟೇಪ್) ಗಾಜಿನ ಮೇಲೆ ಅಂಟಿಸಿ. ಸ್ಟೀಲ್ ಸ್ಕೇಲ್ ಇಟ್ಟು, ಹೊಸ ಬ್ಲೇಡಿನಿಂದ 1 ಮಿ.ಮೀ. ಪಟ್ಟಿಗಳನ್ನು ಕತ್ತರಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ 11 ನಂಬರಿನ ಸರ್ಜಿಕಲ್ ಬ್ಲೇಡ್ ಇದಕ್ಕೆ ತುಂಬಾ ಚೆನ್ನಾಗಿದೆ. ಸುರುಳಿಯ ಮೂಲ ಅಂಚನ್ನು ಮಾತ್ರ ಬಣ್ಣದ ಗೆರೆಗೆ ಬಳಸಬೇಡಿ. ಬೆಳಕಿಗೆ ಹಿಡಿದು ನೋಡಿ, ಧೂಳು, ಎಳೆ, ಕೂದಲು ಎಲ್ಲ ಅಲ್ಲೇ ಅಂಟಿಕೊಂಡಿರುತ್ತವೆ. ಆ ಒಂದೊಂದು ಎಳೆಯೂ ಬಣ್ಣ ಒಳಗೆ ಹರಿಯಲು ಒಂದೊಂದು ದಾರಿ.

ಈ ಸಣ್ಣ ಪಟ್ಟಿಯನ್ನು, ಎರಡು ಬಣ್ಣ ಸೇರುವ ಕಡೆ ಎಳೆದ ಪೆನ್ಸಿಲ್ ಗೆರೆಯ ಮೇಲೆ ಸ್ವಲ್ಪ ಸ್ವಲ್ಪವೇ ಕೂರಿಸಿ. ಒಂದು ಕೈ ಪಟ್ಟಿಯ ತುದಿಯನ್ನು ತಿರುಗಿಸುತ್ತಾ ಹೋಗಲಿ, ಇನ್ನೊಂದು ಕೈಯ ಟೂತ್‌ಪಿಕ್ ಹಿಂದಿನಿಂದ ಒತ್ತುತ್ತಾ ಬರಲಿ. ಎಳೆಯಬೇಡಿ. ಅಂಚು ಕೂತ ಮೇಲೆ ಅದರ ಹಿಂದಿನ ಜಾಗವನ್ನು ಅಗಲ ಟೇಪಿನ ತುಂಡುಗಳಿಂದ ಮುಚ್ಚಿ. ಹಾರ್ಡ್‌ವೇರ್ ಅಂಗಡಿಯ ಒರಟು ಮಾಸ್ಕಿಂಗ್ ಟೇಪ್ ಇಷ್ಟಕ್ಕೆ ಸಾಕು, ಆದರೆ ಅದು ಗೆರೆಗೆ ತಾಗಬಾರದು, ಅಂಟೂ ಜೋರಿರುವುದರಿಂದ ಮೊದಲು ಗಾಜಿಗೆ ಎರಡು ಮೂರು ಸಲ ಅಂಟಿಸಿ ಕಿತ್ತು ಅದರ ಬಿಗಿ ತಗ್ಗಿಸಿಕೊಳ್ಳಿ.

ತಿರುವಿಗೆಂದೇ ಬರುವ ಬಿಳಿ ಪ್ಲಾಸ್ಟಿಕ್ ಟೇಪ್ ಕೂಡ ಒಳ್ಳೆಯದೇ. ಬ್ಲೌಸಿನ ದುಂಡು ಕೊರಳಿಗೆ ಟೈಲರ್ ಕ್ರಾಸ್ ಕತ್ತರಿಸಿದ ಪಟ್ಟಿಯನ್ನೇ ಹೊಲಿಯುತ್ತಾರಲ್ವಾ, ನೇರ ಪಟ್ಟಿ ಬಗ್ಗಲ್ಲ ಅಂತ, ಹಾಗೆಯೇ ಇದೂ ತಿರುವಿಗೆ ಹೊಂದಿಕೊಳ್ಳುತ್ತದೆ. ಆದರೆ ಜಾಸ್ತಿ ಎಳೆದು ಅಂಟಿಸಿದರೆ ರಾತ್ರಿ ಕಳೆಯುವುದರೊಳಗೆ ಮೆಲ್ಲಗೆ ಕುಗ್ಗಿ ಅಂಚು ಎದ್ದು ಬಿಡುತ್ತದೆ. ಅಂಟಿಸಿದ ದಿನವೇ ಬಣ್ಣ ಹೊಡೆದು ಮುಗಿಸಿ.

ಈಗ ಮುಖ್ಯವಾದದ್ದು. ಹಸಿರು ಹೊಡೆಯುವ ಮೊದಲು ಟೇಪಿನ ಅಂಚಿಗೆ ಇನ್ನೊಂದು ಸಲ ಕಂದು ಬಣ್ಣವನ್ನೇ ತೆಳ್ಳಗೆ ಹೊಡೆಯಿರಿ. ಟೇಪಿನ ಕೆಳಗೆ ಸಂದು ಇದ್ದರೆ ಅಲ್ಲಿಗೆ ಕಂದು ಹೋಗಿ ತುಂಬಿಕೊಳ್ಳುತ್ತದೆ. ಕಂದಿನ ಮೇಲೆ ಕಂದು, ಯಾರಿಗೂ ಕಾಣಲ್ಲ. ಆಮೇಲೆ ಬರುವ ಹಸಿರಿಗೆ ಒಳಗೆ ಹೋಗಲು ಜಾಗವೇ ಇರಲ್ಲ. ಇಡೀ ಕೆಲಸದಲ್ಲಿ ನಾನು ಯಾವತ್ತೂ ಬಿಡದ ಹೆಜ್ಜೆ ಇದೊಂದೇ.

ದಿಬ್ಬಕ್ಕೆ ಕಾರಣ ದಪ್ಪ ಬಣ್ಣ. ಟೇಪಿನ ಗೋಡೆಗೆ ಎದುರಾಗಿ ಸ್ಪ್ರೇ ಮಾಡಿದರೆ ಬಣ್ಣ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ಟೇಪಿನ ಕಡೆಯಿಂದ ಬಯಲಿನ ಕಡೆಗೆ, ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) 12ರಿಂದ 15 ಪಿಎಸ್‌ಐ (ಒತ್ತಡದ ಅಳತೆ) ಇಟ್ಟು, ತೆಳ್ಳಗಿನ ಮೂರು ನಾಲ್ಕು ಪದರ ಹೊಡೆಯಿರಿ. ಬಣ್ಣ ಕೈಗೆ ಅಂಟದ ಹಂತಕ್ಕೆ ಬಂದ ಕೂಡಲೇ ಟೇಪ್ ಬಿಚ್ಚಿ. ಮೇಲಕ್ಕೆ ಕೀಳಬಾರದು, ಟೇಪನ್ನು ಅದರ ಬೆನ್ನ ಮೇಲೆಯೇ ಮಡಚಿ ನಿಧಾನಕ್ಕೆ ಹಿಂದಕ್ಕೆ ಎಳೆಯಬೇಕು.

ನಿಮ್ಮೂರಿನ ಬಿಸಿಲಿಗೂ ಇದರಲ್ಲಿ ಪಾಲಿದೆ. ವಿಜಯಪುರದಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ, ಒಣ ಗಾಳಿ. ಅಕ್ರಿಲಿಕ್ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ, ರೆಕ್ಕೆಯ ಮೇಲೆ ಮರಳಿನ ಹಾಗೆ ಕೂರುತ್ತದೆ. ಒರಟು ಮೈಮೇಲೆ ಯಾವ ಟೇಪೂ ಸರಿಯಾಗಿ ಕೂರಲ್ಲ. ಬೆಳಗ್ಗೆ ಬೇಗ ಹೊಡೆಯಿರಿ, ಬಣ್ಣಕ್ಕೆ ಎರಡು ಹನಿ ರಿಟಾರ್ಡರ್ (ಬಣ್ಣ ನಿಧಾನವಾಗಿ ಒಣಗುವಂತೆ ಮಾಡುವ ದ್ರವ) ಹಾಕಿ, ಏರ್‌ಬ್ರಷ್ ಸ್ವಲ್ಪ ಹತ್ತಿರ ಹಿಡಿಯಿರಿ. ಟೇಪ್ ಹಾಕುವ ಮೊದಲು 2000 ನಂಬರಿನ ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜಿಕೊಂಡರೆ ಇನ್ನೂ ಒಳ್ಳೆಯದು.

ಅಂದ ಹಾಗೆ, 1941ರ ಆಗಸ್ಟ್ ನಂತರದ ಸ್ಪಿಟ್‌ಫೈರ್ ಮಾಡುವುದಾದರೆ ಕಂದಿನ ಬದಲು ಓಷನ್ ಗ್ರೇ (ಒಂದು ಬಗೆಯ ಬೂದು ಬಣ್ಣ) ಹಾಕಬೇಕು. ಇಂಗ್ಲೆಂಡಿನ ಫೈಟರುಗಳಿಗೆ ಆಗ ಬಣ್ಣ ಬದಲಾಯಿತು. ನಿಮ್ಮ ಡಿಕಾಲ್ (ವಿಮಾನಕ್ಕೆ ಅಂಟಿಸುವ ಗುರುತು, ನಂಬರುಗಳ ಚಿತ್ರ) ಯಾವ ವರ್ಷದ್ದು ನೋಡಿಕೊಳ್ಳಿ.

ಪ್ರಶ್ನೆ: ಅಂಚು ಚೂಪಾಗಿರಬೇಕಾ, ಮಸುಕಾಗಿರಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಬಾಗಲಕೋಟೆ)

ಉತ್ತರ: ಲೆಕ್ಕ ಹಾಕಿ ನೋಡಿ. ನಿಜವಾದ ವಿಮಾನದಲ್ಲಿ ಎರಡು ಬಣ್ಣ 5 ಸೆಂ.ಮೀ. ಅಗಲಕ್ಕೆ ಬೆರೆತಿದೆ ಅಂದುಕೊಳ್ಳಿ. 1/72ರಲ್ಲಿ ಅದು 0.7 ಮಿ.ಮೀ., 1/48ರಲ್ಲಿ 1 ಮಿ.ಮೀ. ಅಂದರೆ ಸಣ್ಣ ಮಾಡೆಲಿನಲ್ಲಿ ಕೈಯಿಂದ ಸುಮ್ನೆ ಸ್ಪ್ರೇ ಮಾಡಿದ ಮಸುಕು ಬಹಳ ಸಲ ಅತಿಯಾಗುತ್ತದೆ. ಬ್ಲೂ ಟ್ಯಾಕ್ (ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆ ಅಂಟು) ಥರದ ಪುಟ್ಟಿಯನ್ನು 3 ಮಿ.ಮೀ. ದಪ್ಪಕ್ಕೆ ಹೊಸೆದು ಗೆರೆಯ ಮೇಲಿಡಿ. ಅದು ಎಂಥ ತಿರುವಿಗೂ ಬಗ್ಗುತ್ತದೆ. ನೆಟ್ಟಗೆ ಮೇಲಿನಿಂದ ಹೊಡೆದರೆ ಪುಟ್ಟಿಯ ದುಂಡು ಹೊಟ್ಟೆಯ ಕೆಳಗೆ ಒಂದಿಷ್ಟೇ ಬಣ್ಣ ಹೋಗಿ ಅಂಚು ಹದವಾಗಿ ಮಸುಕಾಗುತ್ತದೆ, ಓರೆಯಾಗಿ ಪುಟ್ಟಿಯ ಕೆಳಕ್ಕೆ ಹೊಡೆದರೆ ಮಸುಕು ಜಾಸ್ತಿ. ಬೇಸಿಗೆಯಲ್ಲಿ ಪುಟ್ಟಿ ಮೆತ್ತಗಾಗಿ ಎಣ್ಣೆ ಕಲೆ ಬಿಡಬಹುದು, ಕೆಲಸ ಮುಗಿದ ತಕ್ಷಣ ತೆಗೆಯಿರಿ.

ಪ್ರಶ್ನೆ: ಸೂರ್ಯಕಿರಣ್ ತಂಡದ (ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ) ಹಾಕ್ ವಿಮಾನ ಮಾಡಬೇಕು. ಕೆಂಪು, ಬಿಳಿ ತಿರುವುಗಳು ಎಡಕ್ಕೂ ಬಲಕ್ಕೂ ಒಂದೇ ಥರ ಬರೋದು ಹೇಗೆ? (ಬೆಳಗಾವಿ, ಟಿಳಕವಾಡಿ)

ಉತ್ತರ: ಒಳ್ಳೆಯ ಆಯ್ಕೆ, ಕಷ್ಟದ್ದೂ ಹೌದು. ಎರಡು ಪದರ ಟೇಪ್ ಒಂದರ ಮೇಲೊಂದು ಇಟ್ಟು ಒಟ್ಟಿಗೆ ಕತ್ತರಿಸಬೇಡಿ. ಎರಡೂ ಒಂದೇ ಆಕಾರಕ್ಕೆ ಬರುತ್ತವೆ, ನಮಗೆ ಬೇಕಾದದ್ದು ಕನ್ನಡಿಯಲ್ಲಿ ಕಾಣುವ ಆಕಾರ. ಟ್ರೇಸಿಂಗ್ ಪೇಪರಿನ ಮೇಲೆ ಎಡಗಡೆಯ ಗೆರೆ ಬರೆದುಕೊಳ್ಳಿ. ಅದನ್ನು ಗಾಜಿನ ಮೇಲಿನ ಟೇಪಿನ ಮೇಲಿಟ್ಟು ಒಂದು ಸಲ ಕತ್ತರಿಸಿ, ಪೇಪರ್ ಮಗುಚಿ ಹಾಕಿ ಇನ್ನೊಂದು ಸಲ ಕತ್ತರಿಸಿ. ಪ್ಯಾನೆಲ್ ಗೆರೆಗಳನ್ನೂ ಪೇಪರಿನಲ್ಲಿ ಗುರುತು ಮಾಡಿದ್ದರೆ ಎರಡೂ ಕಡೆ ಒಂದೇ ಜಾಗಕ್ಕೆ ಕೂರಿಸಬಹುದು.

ಬಿಳಿ ಮೊದಲು, ಕೆಂಪು ಆಮೇಲೆ. ಬಿಳಿಯ ಮೇಲೆ ಕೆಂಪು ಒಂದು ಕೂದಲಷ್ಟು ಹರಿದರೂ ಎದ್ದು ಕಾಣುತ್ತದೆ, ಅದಕ್ಕೆ ಟೇಪಿನ ಅಂಚಿಗೆ ಬಿಳಿಯ ತೆಳು ಪದರ ಬೇಕೇ ಬೇಕು. ಬೆಳಗಾವಿ ಮಳೆಯಲ್ಲಿ, ಅದರಲ್ಲೂ ಜುಲೈ ಆಗಸ್ಟಿನಲ್ಲಿ, ಅಕ್ರಿಲಿಕ್ ಆದರೂ ಎರಡು ದಿನ ಒಣಗಲು ಬಿಟ್ಟೇ ಟೇಪ್ ಹಾಕಿ. ಲ್ಯಾಕರ್ ಬಣ್ಣವನ್ನು ಆ ತೇವದ ಗಾಳಿಯಲ್ಲಿ ಹೊಡೆದರೆ ಬಿಳಿ ಮಂಜು ಹಿಡಿದು ಕೆಂಪು ಮಂಕಾಗುತ್ತದೆ. ಮಳೆ ಬಿಡುವು ಕೊಟ್ಟ ದಿನಕ್ಕೆ ಕಾಯಿರಿ.

ಪ್ರಶ್ನೆ: ವಿಮಾನದ ಚೂಪು ಮೂತಿಗೆ ಸುತ್ತ ಟೇಪ್ ಹಾಕಿದರೆ ಎರಡು ತುದಿ ಸೇರುವುದೇ ಇಲ್ಲ. (ಬಾಗಲಕೋಟೆ)

ಉತ್ತರ: ಕೊಳವೆಗೆ ನೇರ ಪಟ್ಟಿ ಸರಿ. ಶಂಕುವಿನ ಮೇಲೆ ನೇರ ಪಟ್ಟಿ ಓರೆಯಾಗಿ ಜಾರುತ್ತಾ ಹೋಗುತ್ತದೆ. ಅಲ್ಲಿಗೆ ಕಮಾನಿನ ಆಕಾರದ ಪಟ್ಟಿ ಬೇಕು. ಮೂತಿಯ ತುದಿಯಿಂದ ನಿಮ್ಮ ಗೆರೆಯವರೆಗೆ ಮೈಯುದ್ದಕ್ಕೂ ಅಳೆಯಿರಿ. 30 ಮಿ.ಮೀ. ಬಂತು ಅಂದರೆ ಕಂಪಾಸ್ ಕಟರಿನಲ್ಲಿ 30 ಮಿ.ಮೀ. ತ್ರಿಜ್ಯದ ಕಮಾನು ಕತ್ತರಿಸಿ. ಆ ಗೆರೆಯ ಜಾಗದಲ್ಲಿ ಮೂತಿಯ ವ್ಯಾಸ 12 ಮಿ.ಮೀ. ಇದ್ದರೆ 72 ಡಿಗ್ರಿ ಕಮಾನು ಸರಿಯಾಗಿ ಒಂದು ಸುತ್ತು ಬರುತ್ತದೆ, ತುದಿಗಳು ಒಂದರ ಮೇಲೊಂದು ಕೂರಲು ಇನ್ನು ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.