ಉರಿಯೂತದ ಜೀನ್ ಏರಿತೋ, ಬೇರೆ ಕೋಶ ಬಂದು ಸೇರಿತೋ?

ಓದುಗರ ಪ್ರಶ್ನೆ: ವಯಸ್ಸಾದಂತೆ ಕ್ರೊಮ್ಯಾಟಿನ್ (ಡಿಎನ್‌ಎ ಮತ್ತು ಅದನ್ನು ಸುತ್ತಿಟ್ಟ ಪ್ರೋಟೀನ್‌ಗಳ ಕಂತೆ) ಸಡಿಲಾಗುತ್ತದೆ ಎನ್ನುತ್ತಾರೆ. ಹಾಗಿದ್ದರೆ ಎಲ್ಲ ಜೀನ್‌ಗಳ ಕೆಲಸವೂ ಏರಬೇಕಲ್ಲವೇ? ನಮ್ಮ ಪ್ರಾಜೆಕ್ಟ್‌ನಲ್ಲಿ ಮುದಿ ಇಲಿಯ ಯಕೃತ್ತಿನಲ್ಲಿ ಏರಿದ್ದು ಮುಖ್ಯವಾಗಿ ಉರಿಯೂತದ ಜೀನ್‌ಗಳು. ಏಕೆ?

ಸಂಪಾದಕರ ಉತ್ತರ: ನೀವು ಹೇಳುವಂಥದ್ದು ಯೀಸ್ಟ್‌ನಲ್ಲಿ ಕಂಡಿದೆ. ಮುದಿ ಯೀಸ್ಟ್ ಕೋಶದಲ್ಲಿ ನ್ಯೂಕ್ಲಿಯೊಸೋಮ್‌ಗಳು (ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಡಿಎನ್‌ಎ ಸುತ್ತಿಕೊಂಡ ಉಂಡೆಗಳು) ಸುಮಾರು ಅರ್ಧಕ್ಕೆ ಇಳಿದು, ಹೆಚ್ಚುಕಡಿಮೆ ಎಲ್ಲ ಜೀನ್‌ಗಳ ಆರ್‌ಎನ್‌ಎಯೂ ಏರಿದ್ದನ್ನು 2014ರಲ್ಲಿ ವರದಿ ಮಾಡಿದರು. ಪ್ರಾಣಿಗಳ ಅಂಗಾಂಶದಲ್ಲಿ ಲೆಕ್ಕ ಇಷ್ಟು ಸಲೀಸಲ್ಲ. ಅಲ್ಲಿ ಸಡಿಲಾಗುವುದು ಮುಖ್ಯವಾಗಿ ಕೋಶಕೇಂದ್ರದ ಅಂಚಿನಲ್ಲಿ ಬಿಗಿಯಾಗಿ ಮಡಚಿಟ್ಟ ಭಾಗ. ಎಚ್3 ಹಿಸ್ಟೋನ್‌ನ 9ನೇ ಸ್ಥಾನದಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲದ ಮೇಲಿನ ಮೂರು ಮೀಥೈಲ್‌ಗಳ ಗುರುತು ಆ ಭಾಗವನ್ನು ಮೌನವಾಗಿಡುತ್ತದೆ. ಅದು ಸವೆದಾಗ ಲೈನ್-1ನಂಥ ಜಿಗಿಯುವ ತುಣುಕುಗಳು (ತಮ್ಮನ್ನೇ ನಕಲಿಸಿ ಬೇರೆಡೆ ಸೇರಿಕೊಳ್ಳುವ ಡಿಎನ್‌ಎ) ಎಚ್ಚರವಾಗಬಹುದು. ಅವುಗಳಿಂದಾದ ಡಿಎನ್‌ಎ ಪ್ರತಿಗಳನ್ನು ಕೋಶವು ವೈರಸ್ಸೆಂದು ಬಗೆದು, ವೈರಸ್ ವಿರುದ್ಧ ಎಚ್ಚರಿಸುವ ಇಂಟರ್‌ಫೆರಾನ್ ಜೀನ್‌ಗಳನ್ನು ಹೊತ್ತಿಸುತ್ತದೆ. ಉರಿಯೂತಕ್ಕೆ ಇದೊಂದು ದಾರಿ.

ಆದರೆ ಆ ತೀರ್ಮಾನಕ್ಕೆ ದುಡುಕಬೇಡಿ. ಮುದಿ ಅಂಗಾಂಶಕ್ಕೆ ರೋಗನಿರೋಧಕ ಕೋಶಗಳು ಬಂದು ಸೇರಿಕೊಳ್ಳುತ್ತವೆ. ಇಡೀ ತುಂಡನ್ನು ಅರೆದು ಅಳೆದರೆ ಯಕೃತ್ತಿನ ಕೋಶದೊಳಗೆ ಏನೂ ಬದಲಾಗದಿದ್ದರೂ ಉರಿಯೂತ ಏರಿದಂತೆ ಕಾಣುತ್ತದೆ. ಮೊದಲು ಪಿಟಿಪಿಆರ್‌ಸಿ ಜೀನ್ ನೋಡಿ. ಬಿಳಿ ರಕ್ತಕಣ ವಂಶದ ಕೋಶಗಳ ಗುರುತು ಅದು. ಅದೂ ಜೊತೆಗೇ ಏರಿದ್ದರೆ ನಿಮ್ಮ ಫಲಿತಾಂಶದ ಮೇಲೆ ಅನುಮಾನ ಇರಲಿ. ಯಕೃತ್ತಿನ ಕೋಶಗಳನ್ನು ಬೇರ್ಪಡಿಸಿ, ಇಲ್ಲವೇ ಒಂದೊಂದೇ ಕೋಶಕೇಂದ್ರದ ಆರ್‌ಎನ್‌ಎ ಓದಿ.

ಅಟ್ಯಾಕ್-ಸೀಕ್ (ಕ್ರೊಮ್ಯಾಟಿನ್ ತೆರೆದಿರುವೆಡೆ ಡಿಎನ್‌ಎಯನ್ನು ಕಿಣ್ವದಿಂದ ಕತ್ತರಿಸಿ ಓದುವ ವಿಧಾನ) ಮಾಡುವುದಾದರೆ ಎಣಿಸಿದ 50,000 ಕೋಶಕೇಂದ್ರ, 37 ಡಿಗ್ರಿ, 30 ನಿಮಿಷ. ಕೇಂದ್ರಗಳು ಕಡಿಮೆಯಾದರೆ ಕಿಣ್ವ ಅತಿಯಾಗಿ ಕತ್ತರಿಸುತ್ತದೆ, ಹೆಚ್ಚಾದರೆ ಅರೆಬರೆ. ಅರೆಯುವಾಗ ಒಡೆದ ಕೇಂದ್ರಗಳ ಬೆತ್ತಲೆ ಡಿಎನ್‌ಎ ಎಲ್ಲೆಂದರಲ್ಲಿ ತುಂಡಾಗಿ, ನೋಡುವವರಿಗೆ ಕ್ರೊಮ್ಯಾಟಿನ್ ಸಡಿಲಾದಂತೆಯೇ ತೋರುತ್ತದೆ. ತುಣುಕುಗಳ ಉದ್ದದ ನಕ್ಷೆಯಲ್ಲಿ ಸುಮಾರು 200 ಬೇಸ್‌ಗೊಂದರಂತೆ (ನ್ಯೂಕ್ಲಿಯೊಸೋಮ್‌ಗಳ ಅಂತರ) ಮೆಟ್ಟಿಲು ಕಾಣದಿದ್ದರೆ ಆ ಮಾದರಿ ಬಿಟ್ಟುಬಿಡಿ.

ಆರ್‌ಎನ್‌ಎ ಲೆಕ್ಕದಲ್ಲೂ ಎಡವುವವರು ಬಹಳ. ಒಟ್ಟು ಓದುಗಳಿಗೆ (ಯಂತ್ರ ಓದಿದ ತುಣುಕುಗಳ ಎಣಿಕೆಗೆ) ಸರಿದೂಗಿಸಿದರೆ ಸಿಗುವುದು ಪಾಲು ಮಾತ್ರ. ಎಲ್ಲ ಜೀನ್‌ಗಳ ಆರ್‌ಎನ್‌ಎಯೂ ಇಮ್ಮಡಿಯಾದರೂ ಪಾಲು ಹಾಗೇ ಇರುತ್ತದೆ! ಕೋಶಗಳ ಎಣಿಕೆಗೆ ತಕ್ಕಂತೆ ಹೊರಗಿನ ಆರ್‌ಎನ್‌ಎಯನ್ನು ಅಳೆದು ಬೆರೆಸಿದರಷ್ಟೇ ಒಟ್ಟು ಏರಿಳಿತ ಗೊತ್ತಾಗುವುದು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಅಳತೆಯಿಲ್ಲದೆ ಸಿಗದು.

ಇನ್ನೊಂದು, ಯಕೃತ್ತಿನ ಜೀನ್‌ಗಳು ಹೊತ್ತಿಗೆ, ಊಟಕ್ಕೆ ತಕ್ಕಂತೆ ಏರಿಳಿಯುತ್ತವೆ. ಎಳೆಯ ಇಲಿಯನ್ನು ಬೆಳಿಗ್ಗೆ, ಮುದಿಯನ್ನು ಸಂಜೆ ತೆಗೆದುಕೊಂಡಿದ್ದರೆ ಎರಡನ್ನೂ ಒಂದೇ ಗಂಟೆಯಲ್ಲಿ, ಅಷ್ಟೇ ಹೊತ್ತು ಉಪವಾಸವಿಟ್ಟು ಮತ್ತೆ ಮಾಡಿ.