ಪಿನ್ ಗುಡ್ಡೆ ಹಾಕೋದು ಸಾಕು, ಮೊದಲು ಒತ್ತು ನೋಡಿ

"ಡಿಸೈನ್ ಐಡಿಯಾಗೆ ಯಾವ ಸೈಟ್ ನೋಡ್ತೀರಿ? ಪಿಂಟರೆಸ್ಟ್‌ನಲ್ಲಿ 400 ಪಿನ್ ಇಟ್ಟಿದ್ದೀನಿ, ಆದ್ರೂ ಏನೋ ಸರಿ ಕಾಣ್ತಿಲ್ಲ" ಅಂತ ಕೇಳಿ, ಜೊತೆಗೆ ರಾಜ್ಯೋತ್ಸವದ ಪೋಸ್ಟರ್ ಹಾಕಿದ್ದೀರಲ್ಲ, ಅದನ್ನು ನೋಡಿ ನನ್ನ ಹಳೇ ಗಾಯ ಕೆರೆದ ಹಾಗಾಯಿತು. ಸೈಟ್ ಹೆಸರು ಆಮೇಲೆ. ಮೊದಲು ಆ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಜಾಗ) ಸೊನ್ನೆಗೆ ತನ್ನಿ, ಲೀಡಿಂಗ್ (ಸಾಲುಗಳ ನಡುವಿನ ಅಂತರ) ಹೆಚ್ಚಿಸಿ.

ನಾನೂ ಇದೇ ಮಾಡಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಆರಡಿ ಫ್ಲೆಕ್ಸ್. ಪಿಂಟರೆಸ್ಟ್‌ನಲ್ಲಿ ಸ್ವಿಸ್ ಶೈಲಿಯ ಪೋಸ್ಟರ್ ಒಂದು ಸಿಕ್ಕಿತ್ತು. ದಪ್ಪ ಹೆಲ್ವೆಟಿಕಾ ಅನ್ನೋ ಇಂಗ್ಲಿಷ್ ಫಾಂಟು, ಸಾಲಿಗೆ ಸಾಲು ಅಂಟಿಕೊಂಡಿತ್ತು. ಅದೇ ಲೆಕ್ಕ ಕನ್ನಡಕ್ಕೂ ಹಾಕಿದೆ. ಮೇಲೆ ‘ರಾಜ್ಯೋತ್ಸವ’, ಕೆಳಗೆ ‘ಸಂಭ್ರಮ’, ಎರಡೂ ಹಳದಿ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಬಾಲ ಇಲ್ಲ, ನಡೆಯುತ್ತದೆ. ನಮ್ಮ ‘ತ್ಸ’ದ ಒತ್ತು ಕೆಳಗಿಳಿದು ‘ಭ್ರ’ದ ನೆತ್ತಿ ಮೇಲೆ ಕೂತುಬಿಟ್ಟಿತು. ಸ್ಕ್ರೀನಿನಲ್ಲಿ ಚಿಕ್ಕದು ಮಾಡಿ ನೋಡಿದ್ದೆ, ಕಾಣಲೇ ಇಲ್ಲ. ಗೇಟಿಗೆ ಕಟ್ಟಿದ ಮೇಲೆ ಎರಡನೇ ಮಹಡಿಯ ಅಜ್ಜಿ, ರಿಟೈರ್ಡ್ ಕನ್ನಡ ಟೀಚರ್, "ಇದೇನಪ್ಪಾ, ಭಕಾರಕ್ಕೆ ಜುಟ್ಟು ಕಟ್ಟಿದ್ದೀಯ?" ಅಂದರು. ಮೂರು ದಿನ ಆ ಗೇಟು ಬಿಟ್ಟು ಬೇಸ್‌ಮೆಂಟ್ ಕಡೆಯಿಂದ ಓಡಾಡಿದೆ.

ಹಾಗಾಗಿ 400 ಪಿನ್ ಇದ್ದೂ ಪ್ರಯೋಜನ ಇಲ್ಲ. ಪಿಂಟರೆಸ್ಟ್ ನೀವು ನೋಡಿದ್ದನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಯಾರು ಮಾಡಿದ್ದು, ಯಾವ ಫಾಂಟ್, ಎಷ್ಟೋ ಪಿನ್‌ಗಳಲ್ಲಿ ಗೊತ್ತಾಗುವುದೇ ಇಲ್ಲ. ಡಿಸೈನರ್‌ಗಳು ತಮ್ಮ ಕೆಲಸ ಹಾಕುವ ಸೈಟುಗಳಲ್ಲಿ ಡ್ರಿಬಲ್ ನನ್ನ ಮಟ್ಟಿಗೆ ಒಡವೆ ಅಂಗಡಿಯ ಶೋಕೇಸು. ಬಿಹಾನ್ಸ್ ಪರವಾಗಿಲ್ಲ, ಕೆಲವರು ಸ್ಕೆಚ್‌ನಿಂದ ಕೊನೆಯವರೆಗೂ ತೋರಿಸುತ್ತಾರೆ. ‘ಫಾಂಟ್ಸ್ ಇನ್ ಯೂಸ್’ ನೋಡಿ, ಪ್ರತಿ ಕೆಲಸಕ್ಕೂ ಯಾವ ಫಾಂಟ್ ಬಳಸಿದ್ದಾರೆ ಅಂತ ಬರೆದಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಲೆಟರ್‌ಫಾರ್ಮ್ ಆರ್ಕೈವ್‌ನ ಆನ್‌ಲೈನ್ ಅಕ್ಷರ ಸಂಗ್ರಹ ಕೂಡ ಚೆನ್ನ, ಜೂಮ್ ಮಾಡಿದರೆ ಕಾಗದದ ನಾರು ಕಾಣುತ್ತದೆ. ಆದರೆ ಇವೆಲ್ಲ ಜಾಸ್ತಿ ಲ್ಯಾಟಿನ್ ಲಿಪಿಯವು. ಬಣ್ಣ, ಜಾಗ, ಜೋಡಣೆ ಕಲಿಯಿರಿ, ಅಕ್ಷರದ ಅಳತೆ ತರಬೇಡಿ.

ಅಕ್ಷರಕ್ಕೆ ನಾನು ಹೋಗುವುದು ಆರ್ಕೈವ್ ಡಾಟ್ ಆರ್ಗ್‌ಗೆ. ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ರಾಶಿ ಬಿದ್ದಿದೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಹೇಗೋ ಬರೆದಿರುತ್ತಾರೆ, ನಾಲ್ಕು ಥರ ಟೈಪ್ ಮಾಡಿ ಹುಡುಕಿ. ಪುಸ್ತಕ ಓದುವುದೇನೂ ಬೇಡ. ಮುಖಪುಟ, ಶೀರ್ಷಿಕೆ ಪುಟ ಅಷ್ಟೇ. ಕೈಯಲ್ಲಿ ಬರೆದ ಶೀರ್ಷಿಕೆ ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆದು, ಶೇ 20 ಒಪ್ಯಾಸಿಟಿಯಲ್ಲಿ, ಅಂದರೆ ಮಸುಕಾಗಿ, ಕೆಳಗಿನ ಲೇಯರಿಗೆ ಹಾಕಿ, ಮೇಲೆ ಪೆನ್ಸಿಲ್ ಟೂಲ್‌ನಲ್ಲಿ ತಿದ್ದಿ. ದಿನಕ್ಕೆ ಐದೇ ಅಕ್ಷರ. ತಲೆಕಟ್ಟು ಎಷ್ಟು ಉದ್ದ, ಒತ್ತು ಅಡಿಯಲ್ಲೇ ನಿಂತಿದೆಯೋ ಬಲಕ್ಕೆ ಸರಿದಿದೆಯೋ, ‘ಸ್ಕೃ’ ಬಂದಾಗ ವಟ್ರಸುಳಿಗೆ ಎಲ್ಲಿ ಜಾಗ ಮಾಡಿದ್ದಾರೆ, ಇದೆಲ್ಲ ತಿದ್ದುವಾಗ ಬೆರಳಿಗೆ ಹತ್ತುತ್ತದೆ. ಸುಮ್ನೆ ಸೇವ್ ಮಾಡಿದರೆ ಹತ್ತುವುದಿಲ್ಲ. ಫೈಲ್ ಹೆಸರಲ್ಲೇ ಪುಸ್ತಕ, ವರ್ಷ ಬರೆದಿಡಿ.

ಹಾಗಂತ ಸ್ಕ್ಯಾನ್ ಸಿಕ್ಕಿತು ಅಂತ ಇಡೀ ಅಕ್ಷರ ಎತ್ತಿ ಕ್ಲೈಂಟ್‌ಗೆ ಮಾರಬೇಡಿ. ನಮ್ಮಲ್ಲಿ ಕಾಪಿರೈಟ್ ಮಾಡಿದವರ ಜೀವಿತಾವಧಿ, ಆಮೇಲೆ 60 ವರ್ಷ. ಕಲಿಯೋಕೆ ತಿದ್ದುವುದೇ ಬೇರೆ, ಕದಿಯುವುದೇ ಬೇರೆ, ಅಲ್ವಾ?

ಇನ್ನೂ ಹಿಂದಕ್ಕೆ ಹೋಗುವ ಆಸೆ ಇದ್ದರೆ, ನೃಪತುಂಗ ರಸ್ತೆಯ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳ ತ್ರೀಡಿ ಸ್ಕ್ಯಾನ್ ಮಾಡಿದ್ದಾರೆ. ಉಳಿಯಲ್ಲಿ ಕೊರೆದ ಅಕ್ಷರದ ತಿರುವೇ ಬೇರೆ. ಭಾನುವಾರ ಬೆಳಿಗ್ಗೆ ಬಳೇಪೇಟೆ, ಅವೆನ್ಯೂ ರಸ್ತೆ ಸುತ್ತಿ ಬನ್ನಿ. ಮುಚ್ಚಿದ ಶಟರಿನ ಮೇಲೆ ಬ್ರಶ್‌ನಲ್ಲಿ ಬರೆದ ಬೋರ್ಡು ಕಂಡರೆ ಎದುರಿಗೆ ನಿಂತು ನೇರವಾಗಿ ಫೋಟೋ ತೆಗೆಯಿರಿ. ಓರೆಯಾಗಿ ತೆಗೆದರೆ ತಿದ್ದೋಕೆ ಬರಲ್ಲ.

ಫಾಂಟ್ ವಿಚಾರ. ಬಲೂ ತಮ್ಮ ಒಳ್ಳೇದೇ, ಆದರೆ ಎಲ್ಲಾ ದರ್ಶಿನಿ ಮೆನುವಿನಲ್ಲೂ ಅದನ್ನೇ ನೋಡಿ ಸಾಕಾಗಿದೆ. ಅನೇಕ್ ಕನ್ನಡ ಹಾಕಿ, ವೇರಿಯಬಲ್ ಫಾಂಟು, ದಪ್ಪದ ಜೊತೆ ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು. ಜಾಗ ಸಾಲದಿದ್ದಾಗ ಅಕ್ಷರ ಹಿಡಿದು ಎಳೆಯುವ ಪಾಪ ತಪ್ಪುತ್ತದೆ. ಉದ್ದ ಬರಹಕ್ಕೆ ಟೀರೋ ಕನ್ನಡ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ. ಬರಹಕ್ಕೆ ನಾನು ಲೀಡಿಂಗ್ ಅಕ್ಷರದ ಅಳತೆಯ ಶೇ 150ರಿಂದ ಶುರು ಮಾಡುತ್ತೇನೆ. ಶೀರ್ಷಿಕೆಯಲ್ಲಿ ಒತ್ತು ಬೀಳುವ ಜಾಗ ನೋಡಿ ಸಾಲು ಒಡೆಯುತ್ತೇನೆ.

ನಿಮ್ಮ ಪೋಸ್ಟರಿನ ಕೆಳಸಾಲಲ್ಲಿ ‘ಸಾಂಸ್ಕೃತಿಕ’ ಬಿಡಿಬಿಡಿಯಾಗಿ ‘ಸ್’, ‘ಕೃ’ ಅಂತ ನಿಂತಿದೆ. ಅದು ಫಾಂಟಿನ ತಪ್ಪಲ್ಲ. ಅಡೋಬಿ ಇಲಸ್ಟ್ರೇಟರ್ ಬಳಸುತ್ತಿದ್ದರೆ, ಅದರ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನಲಿನಲ್ಲಿ ಸೌತ್ ಏಷಿಯನ್ ಕಂಪೋಸರ್ ಆರಿಸಿ. ಪ್ರೆಸ್‌ಗೆ ಕೊಡುವ ಮೊದಲು ಔಟ್‌ಲೈನ್ ಮಾಡಿ (ಅಕ್ಷರಗಳನ್ನು ಆಕಾರವಾಗಿ ಬದಲಿಸಿ), ಆಮೇಲೂ ಒಂದ್ಸಲ ದೊಡ್ಡದು ಮಾಡಿ ಓದಿ. ಸರಿಮಾಡಿದ್ದನ್ನು ಇಲ್ಲೇ ಹಾಕಿ, ನೋಡೋಣ.